ಮೊದಲ ಮೂರು ಸೆಮಿಸ್ಟರ್ ದಾಟಿಸುವುದು ಹೇಗೆ: ಅಮೆರಿಕದ ಅಲ್ಪಸಂಖ್ಯಾತ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ನೆರವಿನ ಕಾರ್ಯಕ್ರಮ ಕಟ್ಟುವ ಕೈಪಿಡಿ

ಎಂಜಿನಿಯರಿಂಗ್ ಓದುತ್ತೇನೆಂದು ಕಾಲೇಜಿಗೆ ಬಂದು ಅರ್ಧದಲ್ಲೇ ಕೈಬಿಡುವವರಲ್ಲಿ ಹಲವರು ನಿಜವಾದ ಎಂಜಿನಿಯರಿಂಗ್ ಪಾಠವನ್ನು ಕೇಳಿಯೇ ಇರುವುದಿಲ್ಲ. ಸೇತುವೆ, ಸರ್ಕ್ಯೂಟ್, ಟರ್ಬೈನ್ ಬರುವ ಹೊತ್ತಿಗೆ ಅವರು ಬೇರೆ ವಿಭಾಗದಲ್ಲಿರುತ್ತಾರೆ ಅಥವಾ ಮನೆಗೆ ಹೋಗಿರುತ್ತಾರೆ. ಅವರನ್ನು ತಡೆದು ನಿಲ್ಲಿಸಿದ್ದು ಮೊದಲ ಕ್ಯಾಲ್ಕುಲಸ್, ಮೊದಲ ಭೌತಶಾಸ್ತ್ರ, ಆಮೇಲೆ ಸ್ಟ್ಯಾಟಿಕ್ಸ್ (ಅಲುಗದೆ ನಿಂತ ವಸ್ತುಗಳ ಮೇಲಿನ ಬಲಗಳ ಪಾಠ). ಹಾಗಾಗಿ ಕಪ್ಪು, ಲ್ಯಾಟಿನೊ ಮತ್ತು ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿ ಕಾರ್ಯಕ್ರಮ ಕಟ್ಟುವವರು ತಮ್ಮ ಹಣ, ಜನ, ಕೋಣೆ ಮೂರನ್ನೂ ಮೊದಲು ಈ ಮೂರು ಸೆಮಿಸ್ಟರ್‌ಗಳ ಮೇಲೆ ಸುರಿಯಬೇಕು.

ನಮ್ಮಲ್ಲಿ ಅಲ್ಪಸಂಖ್ಯಾತ ಎಂದೊಡನೆ ಧರ್ಮದ ಲೆಕ್ಕ ಬರುತ್ತದೆ. ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಈ ಮಾತಿನ ಅರ್ಥ ಬೇರೆ: ಜನಸಂಖ್ಯೆಯಲ್ಲಿ ತಮಗಿರುವ ಪಾಲಿಗಿಂತ ಎಂಜಿನಿಯರ್‌ಗಳ ನಡುವೆ ಕಡಿಮೆ ಇರುವ ಸಮುದಾಯಗಳು. ಭಾರತೀಯ ಮತ್ತು ಚೀನೀ ಮೂಲದವರು ಅಲ್ಲಿ ಸಂಖ್ಯೆಯಲ್ಲಿ ಅಲ್ಪರಾದರೂ ಈ ಪಟ್ಟಿಗೆ ಸೇರುವುದಿಲ್ಲ.

ರೋಗ ಯಾವುದೆಂದು ಮೊದಲು ತಿಳಿಯಿರಿ

1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಯೂರಿ ಟ್ರೈಸ್‌ಮನ್ ಅವರು ಕ್ಯಾಲ್ಕುಲಸ್ ಕಲಿಯುತ್ತಿದ್ದ ಕಪ್ಪು ವಿದ್ಯಾರ್ಥಿಗಳನ್ನೂ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಕಪ್ಪು ವಿದ್ಯಾರ್ಥಿಗಳು ಹಿಂದೆ ಬೀಳಲು ಛಲ ಸಾಲದು, ಹೈಸ್ಕೂಲ್ ತಯಾರಿ ಸಾಲದು, ಮನೆಯ ಬೆಂಬಲವಿಲ್ಲ, ಬಡತನ ಎಂದೆಲ್ಲ ಅಧ್ಯಾಪಕರು ಕಾರಣ ಹೇಳಿದ್ದರು. ಹತ್ತಿರದಿಂದ ನೋಡಿದಾಗ ಇವು ಯಾವುವೂ ಸರಿಹೊಂದಲಿಲ್ಲ. ಕಪ್ಪು ವಿದ್ಯಾರ್ಥಿಗಳು ಹೇಳಿಕೊಟ್ಟಷ್ಟು ಗಂಟೆ ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಹೆಚ್ಚುಕಡಿಮೆ ಎಲ್ಲರೂ ಒಬ್ಬೊಬ್ಬರೇ. ಚೀನೀ ಮೂಲದವರು ಲೆಕ್ಕವನ್ನು ಮೊದಲು ತಾವೇ ಮಾಡಿ, ಆಮೇಲೆ ಒಟ್ಟಿಗೆ ಕೂತು ಉತ್ತರ ತಾಳೆ ನೋಡುತ್ತಿದ್ದರು, ಹಳೆಯ ಪ್ರಶ್ನೆಪತ್ರಿಕೆ ಹಂಚಿಕೊಳ್ಳುತ್ತಿದ್ದರು, ಯಾರಿಗೂ ಬಾರದ ಲೆಕ್ಕ ಯಾವುದೆಂಬುದು ಅವರಿಗೆ ಗೊತ್ತಿರುತ್ತಿತ್ತು. ಒಬ್ಬಂಟಿಯಾಗಿ ಓದುವವನಿಗೆ ಲೆಕ್ಕ ಬಾರದಿದ್ದರೆ ಅದು ಲೆಕ್ಕದ ಕಷ್ಟವೋ ತನ್ನ ದಡ್ಡತನವೋ ತಿಳಿಯುವ ದಾರಿಯೇ ಇಲ್ಲ. ಆಗ ಅವನು ಎರಡನೆಯದನ್ನೇ ನಂಬುತ್ತಾನೆ.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1973ರಲ್ಲಿ, ಎಂಜಿನಿಯರಿಂಗ್ ಅಧ್ಯಾಪಕ ರೇಮಂಡ್ ಲ್ಯಾಂಡಿಸ್ ಅವರು ನಾರ್ತ್‌ರಿಜ್‌ನ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಲ್ಪಸಂಖ್ಯಾತ ಎಂಜಿನಿಯರಿಂಗ್ ಕಾರ್ಯಕ್ರಮ ಶುರುಮಾಡಿದರು. ಹೊಸಬರಿಗೊಂದು ಪರಿಚಯ ಕೋರ್ಸ್, ಒಂದೇ ಸೆಕ್ಷನ್‌ಗಳಲ್ಲಿ ಒಟ್ಟಿಗೆ ಸೀಟು, ಓದಲು ಒಂದು ಕೋಣೆ, ಗುಂಪು ಓದು. ಈ ನಾಲ್ಕು ಕಂಬಗಳ ಮಾದರಿಯನ್ನು ಮುಂದೆ ದೇಶದ ಎಷ್ಟೋ ಕಾಲೇಜುಗಳು ತೆಗೆದುಕೊಂಡವು. ಈ ಕೈಪಿಡಿಯಲ್ಲಿ ಹೇಳುವುದರಲ್ಲಿ ಬಹುಪಾಲು ಈ ಇಬ್ಬರು ಹಾಕಿದ ಅಡಿಪಾಯದ ಮೇಲೇ ನಿಂತಿದೆ. ಹೊಸ ಹೆಸರುಗಳ ಕಾರ್ಯಕ್ರಮಗಳು ಬಂದು ಹೋಗುತ್ತಿರುತ್ತವೆ. ಒಟ್ಟಿಗೆ ಕೂತು ಕಷ್ಟದ ಕೆಲಸ ಮಾಡಿಸುವ ಏರ್ಪಾಡಿಗೆ ಮಾತ್ರ ಪರ್ಯಾಯ ಸಿಕ್ಕಿಲ್ಲ.

ಶುರುಮಾಡುವ ಮುನ್ನ: ಎಣಿಸಿ

ಕಾಲೇಜಿನ ದಾಖಲೆ ವಿಭಾಗದಿಂದ ಹಿಂದಿನ ಐದು ವರ್ಷ ಎಂಜಿನಿಯರಿಂಗ್ ಸೇರಿದವರ ಮಾಹಿತಿ ಕೇಳಿ ಪಡೆಯಿರಿ. ಹೆಸರು ಬೇಡ. ಬೇಕಾದದ್ದು ಇಷ್ಟು: ಗಣಿತದ ಪ್ರವೇಶ ಮಟ್ಟ, ಮೊದಲ ನಾಲ್ಕು ಸೆಮಿಸ್ಟರ್‌ಗಳ ಗ್ರೇಡ್, ಯಾವ ಸೆಮಿಸ್ಟರ್‌ನಲ್ಲಿ ಬಿಟ್ಟರು, ಬಿಟ್ಟಾಗ ಅವರ ಗ್ರೇಡ್ ಸರಾಸರಿ ಎಷ್ಟಿತ್ತು, ಕಾಲೇಜಿಗೆ ಬಾಕಿ ಎಷ್ಟಿತ್ತು. ಇವನ್ನು ಸೆಮಿಸ್ಟರ್‌ವಾರು ಜೋಡಿಸಿದರೆ ಸೋರಿಕೆ ಎಲ್ಲಿದೆ ಎಂಬುದು ಕಾಣುತ್ತದೆ. ಒಂದು ಕಾಲೇಜಿನಲ್ಲಿ ಅದು ಎರಡನೇ ಕ್ಯಾಲ್ಕುಲಸ್ ಆಗಿರಬಹುದು, ಇನ್ನೊಂದರಲ್ಲಿ ಸ್ಟ್ಯಾಟಿಕ್ಸ್. ಒಳ್ಳೆಯ ಗ್ರೇಡ್ ಇದ್ದೂ ಬಿಟ್ಟು ಹೋದವರು ಎಷ್ಟು ಮಂದಿ ಎಂದು ಪ್ರತ್ಯೇಕವಾಗಿ ನೋಡಿ. ಆ ಸಂಖ್ಯೆ ದೊಡ್ಡದಿದ್ದರೆ ನಿಮ್ಮ ಮುಂದಿರುವುದು ಪಾಠದ ಸಮಸ್ಯೆಗಿಂತ ಹಣದ ಅಥವಾ ಒಂಟಿತನದ ಸಮಸ್ಯೆ. ಅಲ್ಲಿ ಟ್ಯೂಷನ್ ಹೆಚ್ಚಿಸಿ ಪ್ರಯೋಜನವಿಲ್ಲ.

ಜೊತೆಗೆ ಪೂರ್ವಾರ್ಹತೆಯ ಸರಪಳಿಯನ್ನು ಒಂದು ಹಾಳೆಯ ಮೇಲೆ ಬರೆಯಿರಿ: ಪ್ರೀಕ್ಯಾಲ್ಕುಲಸ್ (ಕ್ಯಾಲ್ಕುಲಸ್‌ಗೆ ಮುಂಚಿನ ಗಣಿತ), ಮೊದಲ ಕ್ಯಾಲ್ಕುಲಸ್, ಭೌತಶಾಸ್ತ್ರ, ಸ್ಟ್ಯಾಟಿಕ್ಸ್, ಡೈನಮಿಕ್ಸ್ (ಚಲಿಸುವ ವಸ್ತುಗಳ ಪಾಠ), ಆಮೇಲೆ ವಿಭಾಗದ ಕೋರ್ಸ್‌ಗಳು. ಪ್ರತಿಯೊಂದರ ಪಕ್ಕದಲ್ಲಿ ಅದನ್ನು ವರ್ಷಕ್ಕೆ ಎಷ್ಟು ಸಲ ಕಲಿಸುತ್ತಾರೆ ಎಂದು ಗುರುತು ಹಾಕಿ. ವರ್ಷಕ್ಕೊಮ್ಮೆ ಮಾತ್ರ ಕಲಿಸುವ ಕೋರ್ಸ್‌ನಲ್ಲಿ ಒಂದು ಸಲ ಎಡವಿದರೆ ಇಡೀ ವರ್ಷ ಹೋಯಿತು. ಇಂಥ ಕೊಂಡಿಯೊಂದನ್ನು ಎರಡೂ ಸೆಮಿಸ್ಟರ್‌ನಲ್ಲಿ ಕಲಿಸುವಂತೆ ಡೀನ್ ಅವರನ್ನು ಒಪ್ಪಿಸಿದರೆ, ಹತ್ತು ಸಲಹೆಗಾರರು ಮಾಡದ ಕೆಲಸ ಅಷ್ಟರಿಂದಲೇ ಆಗುತ್ತದೆ.

ಯಾರನ್ನು ಸೇರಿಸಿಕೊಳ್ಳಬಹುದು ಎಂಬ ಕಾನೂನಿನ ಮಾತನ್ನು ಅರ್ಜಿ ಅಚ್ಚು ಹಾಕಿಸುವ ಮುಂಚೆಯೇ ಮುಗಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 209 ಎಂಬ ಕಾನೂನು ಸರ್ಕಾರಿ ಕಾಲೇಜುಗಳು ಜನಾಂಗ ನೋಡಿ ಆದ್ಯತೆ ಕೊಡುವುದನ್ನು ನಿಲ್ಲಿಸಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹಾರ್ವರ್ಡ್ ಪ್ರಕರಣದಲ್ಲಿ ಪ್ರವೇಶಾತಿಗೆ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿಯನ್ನು ದೇಶದಾದ್ಯಂತ ಮುಚ್ಚಿತು. ಟೆಕ್ಸಾಸ್, ಫ್ಲಾರಿಡಾದಂಥ ರಾಜ್ಯಗಳಲ್ಲಿ ಇನ್ನೂ ಬಿಗಿಯಾದ ಕಾನೂನುಗಳಿವೆ. ಹೀಗಾಗಿ ಸೇರ್ಪಡೆಯ ನಿಯಮ ಹೀಗಿರಲಿ: ಕುಟುಂಬದಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರು, ಪೆಲ್ ಗ್ರಾಂಟ್‌ಗೆ (ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗೆ ಫೆಡರಲ್ ಸರ್ಕಾರ ಕೊಡುವ ನೆರವು) ಅರ್ಹರು, ಕ್ಯಾಲ್ಕುಲಸ್ ಕಲಿಸದ ಹೈಸ್ಕೂಲಿನಿಂದ ಬಂದವರು. ಬಾಗಿಲು ಎಲ್ಲರಿಗೂ ತೆರೆದಿರಲಿ, ಪ್ರಚಾರ ಮಾತ್ರ ಯಾರಿಗೆ ಸುದ್ದಿಯೇ ತಲುಪುತ್ತಿಲ್ಲವೋ ಆ ಶಾಲೆಗಳಲ್ಲಿ, ಬಡಾವಣೆಗಳಲ್ಲಿ ಹೆಚ್ಚು ನಡೆಯಲಿ. ಇದರಿಂದ ಕೆಲಸ ಕೆಡುತ್ತದೆ ಎಂದು ಹೆದರಬೇಕಿಲ್ಲ. ಬಾಲ್ಟಿಮೋರ್ ಕೌಂಟಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಹುಟ್ಟಿದ ಮೇಯರ್‌ಹಾಫ್ ಸ್ಕಾಲರ್ಸ್ ಕಾರ್ಯಕ್ರಮ ಮೊದಲು 19 ಕಪ್ಪು ಯುವಕರಿಂದ ಶುರುವಾಗಿ, 1996ರಿಂದ ಎಲ್ಲ ಹಿನ್ನೆಲೆಯವರನ್ನೂ ಸೇರಿಸಿಕೊಂಡಿತು. ಕಪ್ಪು ವಿಜ್ಞಾನಿಗಳನ್ನೂ ಎಂಜಿನಿಯರ್‌ಗಳನ್ನೂ ಬೆಳೆಸುವುದರಲ್ಲಿ ಅದರ ಹೆಸರು ಆಮೇಲೂ ಮಂಕಾಗಲಿಲ್ಲ.

ಬೇಸಿಗೆಯ ಸೇತುವೆ ಶಿಬಿರ

ಕಾಲೇಜು ತೆರೆಯುವ ಮುಂಚಿನ ಬೇಸಿಗೆಯಲ್ಲಿ ನಾಲ್ಕರಿಂದ ಆರು ವಾರ, ವಸತಿಯೊಂದಿಗೆ. ಮೇಯರ್‌ಹಾಫ್‌ನಲ್ಲಿ ಇದು ಆರು ವಾರ. ಇಲ್ಲಿ ಬಹಳ ಮಂದಿ ಎಡವುವುದು ಪಾಠದ ಆಯ್ಕೆಯಲ್ಲಿ. ಹೈಸ್ಕೂಲಿನ ಬೀಜಗಣಿತವನ್ನೇ ಮತ್ತೆ ಅರೆದು ಕುಡಿಸಿದರೆ ವಿದ್ಯಾರ್ಥಿಗೆ ಬೇಸರ, ಜೊತೆಗೆ ‘ನನ್ನನ್ನು ಕೈಲಾಗದವನ ಸಾಲಿನಲ್ಲಿ ಕೂರಿಸಿದರು’ ಎಂಬ ನೋವು. ಬರಲಿರುವ ಕ್ಯಾಲ್ಕುಲಸ್‌ನ ಮೊದಲ ಐದಾರು ವಾರದ ವಿಷಯವನ್ನೇ ಕಲಿಸಿ. ಅದರ ನಡುವೆ ತ್ರಿಕೋನಮಿತಿಯಲ್ಲೋ ಘಾತಾಂಕದಲ್ಲೋ ತೂತು ಕಂಡರೆ ಅಲ್ಲಲ್ಲೇ ತೇಪೆ ಹಾಕಿ. ವಾರಕ್ಕೊಂದು ನಿಜವಾದ ಪರೀಕ್ಷೆ ಇಡಿ, ಗ್ರೇಡ್ ಕೊಡಿ. ಮೊದಲ ಕಡಿಮೆ ಅಂಕ ಶಿಬಿರದಲ್ಲೇ ಬಂದು, ಅದನ್ನು ದಾಟಿ ಬರುವ ಅನುಭವವೂ ಅಲ್ಲೇ ಆಗಲಿ.

ಶಿಬಿರದ ಕೊನೆಯಲ್ಲಿ ಗಣಿತದ ಪ್ರವೇಶ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಲು ಬಿಡಿ. ಒಂದು ಮಟ್ಟ ಮೇಲೇರಿದರೆ ಸರಪಳಿಯಲ್ಲಿ ಒಂದು ಇಡೀ ಸೆಮಿಸ್ಟರ್ ಉಳಿಯಿತು.

ಇನ್ನೊಂದು ಪರೀಕ್ಷೆಯನ್ನು ತಪ್ಪಿಸಬೇಡಿ: ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಅಳೆಯುವ ಪರ್ಡ್ಯೂ ಪರೀಕ್ಷೆ. 30 ಪ್ರಶ್ನೆ, 20 ನಿಮಿಷ. ಮಿಷಿಗನ್ ಟೆಕ್‌ನಲ್ಲಿ ಶೆರಿಲ್ ಸೋರ್ಬಿ 1993ರಿಂದ, ಇದರಲ್ಲಿ ಶೇ 60 ದಾಟದವರಿಗಾಗಿ ಒಂದು ಸಣ್ಣ ಕೋರ್ಸ್ ನಡೆಸಿದರು. ಘನಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಕಾರ ಮಾಡುವುದು, ಅದನ್ನು ಬೇರೆಬೇರೆ ಕೋನದಿಂದ ಪೆನ್ಸಿಲ್‌ನಲ್ಲಿ ಬರೆಯುವುದು, ಸೀಳುನೋಟ ಬಿಡಿಸುವುದು, ಇಷ್ಟೇ. ಕೈಯಿಂದ ಬಿಡಿಸುವುದೇ ಅದರ ಜೀವಾಳ. ಈ ಶಕ್ತಿ ಹುಟ್ಟಿನಿಂದ ಬಂದದ್ದು ಎಂದು ನಂಬಿ ಗ್ರಾಫಿಕ್ಸ್ ಕೋರ್ಸ್ ಬಿಟ್ಟು ಓಡುವವರು ಬಹಳ. ಕೆಲವೇ ವಾರಗಳ ಅಭ್ಯಾಸದಿಂದ ಅದು ಬೆಳೆಯುತ್ತದೆ.

ಬೇಸಿಗೆಯಲ್ಲಿ ದುಡಿದು ಮನೆಗೆ ಹಣ ಕೊಡುವ ವಿದ್ಯಾರ್ಥಿ ಶಿಬಿರಕ್ಕೆ ಬಂದರೆ ಆ ಸಂಬಳ ಕಳೆದುಕೊಳ್ಳುತ್ತಾನೆ. ಊಟ ವಸತಿ ಉಚಿತ ಎಂದರಷ್ಟೇ ಸಾಲದು. ಕಳೆದುಹೋಗುವ ದುಡಿಮೆಗೆ ಸಾಟಿಯಾಗಿ ಸ್ಟೈಪೆಂಡ್ ಇಡಿ, ಇಲ್ಲದಿದ್ದರೆ ಯಾರಿಗಾಗಿ ಶಿಬಿರ ಕಟ್ಟಿದಿರೋ ಅವರೇ ಬರುವುದಿಲ್ಲ.

ಸೆಕ್ಷನ್ ಹಂಚುವಾಗ

ಮೇ ತಿಂಗಳಲ್ಲೇ ರಿಜಿಸ್ಟ್ರಾರ್ ಕಚೇರಿಯೊಂದಿಗೆ ಮಾತಾಡಿ, ಮೊದಲ ಸೆಮಿಸ್ಟರ್‌ನ ಕ್ಯಾಲ್ಕುಲಸ್, ರಸಾಯನಶಾಸ್ತ್ರ, ಪರಿಚಯ ಕೋರ್ಸ್ ಮೂರರಲ್ಲೂ ಸೀಟು ಕಾಯ್ದಿರಿಸಿ. 40 ವಿದ್ಯಾರ್ಥಿಗಳಿದ್ದರೆ ಅವರನ್ನು ಮೂರ್ನಾಲ್ಕು ಸೆಕ್ಷನ್‌ಗಳಲ್ಲಿ ಹತ್ತು ಹನ್ನೆರಡು ಮಂದಿಯಂತೆ ಕೂರಿಸಿ. ಅದೇ ಹನ್ನೆರಡು ಮುಖಗಳು ಮೂರೂ ತರಗತಿಯಲ್ಲಿ ಎದುರಾಗಬೇಕು. ಒಂದು ಸೆಕ್ಷನ್‌ನಲ್ಲಿ ಒಬ್ಬರೋ ಇಬ್ಬರೋ ಉಳಿಯುವಂತೆ ಮಾತ್ರ ಬಿಡಬೇಡಿ. ಇನ್ನೂರು ಜನರ ತರಗತಿಯಲ್ಲಿ ತನ್ನಂಥವರು ಯಾರೂ ಇಲ್ಲದವನು ಕೈಯೆತ್ತಿ ಪ್ರಶ್ನೆ ಕೇಳುವುದಿಲ್ಲ, ಪ್ರಯೋಗಾಲಯದಲ್ಲಿ ಜೋಡಿ ಆರಿಸಿಕೊಳ್ಳುವಾಗ ಕೊನೆಗೆ ಉಳಿಯುತ್ತಾನೆ. ಹಾಗೆಂದು ನಲವತ್ತೂ ಮಂದಿಯನ್ನು ಅವರಿಗೇ ಮೀಸಲಾದ ಒಂದೇ ಸೆಕ್ಷನ್‌ಗೆ ಹಾಕಬೇಡಿ. ಅದು ಸುಲಭದ ಸೆಕ್ಷನ್ ಎಂಬ ಮಾತು ವಾರದೊಳಗೆ ಹುಟ್ಟಿಕೊಳ್ಳುತ್ತದೆ, ಅದರ ಗ್ರೇಡ್‌ಗೆ ಬೆಲೆ ಇಲ್ಲದಾಗುತ್ತದೆ.

ಕಾರ್ಯಾಗಾರ, ಇಡೀ ಕಾರ್ಯಕ್ರಮದ ಬೆನ್ನೆಲುಬು

ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದ ಕೊರತೆಗಳನ್ನು ಹೇಗೋ ತಾಳಿಕೊಳ್ಳಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ವಾರಕ್ಕೆ ಎರಡು ಸಲ, ಪ್ರತಿ ಸಲ ಎರಡು ಗಂಟೆ. ಒಂದು ಕೋಣೆಗೆ 20ರಿಂದ 24 ಮಂದಿ, ನಾಲ್ಕು ನಾಲ್ಕರ ಗುಂಪು. ಗೋಡೆಯ ತುಂಬ ಬರೆಯುವ ಹಲಗೆಗಳಿರಬೇಕು, ಕನಿಷ್ಠ ಗುಂಪಿಗೊಂದು. ನಡೆಸುವವರು ಮೂರನೇ ಅಥವಾ ನಾಲ್ಕನೇ ವರ್ಷದ ವಿದ್ಯಾರ್ಥಿ, ಅದೇ ಕೋರ್ಸ್‌ನಲ್ಲಿ ಒಳ್ಳೆಯ ಗ್ರೇಡ್ ತೆಗೆದವರು. ಅವರಿಗೆ ಸಂಬಳ ಕೊಡಿ. ಪುಕ್ಕಟೆ ಕೆಲಸವಾದರೆ ಪರೀಕ್ಷೆಯ ವಾರದಲ್ಲಿ, ಅಂದರೆ ತೀರಾ ಬೇಕಾದಾಗಲೇ, ಅವರು ಬರಲಾರರು.

ಪ್ರತಿ ಸಲಕ್ಕೂ ಒಂದು ಹಾಳೆ ಸಿದ್ಧಪಡಿಸಿ, ಅದರಲ್ಲಿ ಆರು ಲೆಕ್ಕ. ಎರಡು ಪರೀಕ್ಷೆಯ ಮಟ್ಟದವು. ಎರಡು, ಉತ್ತರದ ಜೊತೆ ‘ಏಕೆ’ ಎಂಬುದನ್ನು ವಾಕ್ಯದಲ್ಲಿ ಬರೆಯಬೇಕಾದವು. ಒಂದು, ಎಲ್ಲರೂ ಬೀಳುವ ಹೊಂಡವನ್ನು ತೋರಿಸುವಂಥದ್ದು. ಕೊನೆಯದು, ಆ ದಿನ ಯಾರೂ ಪೂರ್ತಿ ಮುಗಿಸಲಾರದಷ್ಟು ಗಟ್ಟಿ.

ಹೊಂಡದ ಲೆಕ್ಕಕ್ಕೊಂದು ಉದಾಹರಣೆ. ಮೇಜಿನ ಎರಡು ತುದಿಗೂ ರಾಟೆ, ಎರಡೂ ಕಡೆ ಹಗ್ಗದಲ್ಲಿ ತಲಾ 100 ನ್ಯೂಟನ್ ತೂಕ ನೇತಾಡುತ್ತಿದೆ, ನಡುವೆ ಒಂದು ಸ್ಪ್ರಿಂಗ್ ತಕ್ಕಡಿ. ಅದು ಎಷ್ಟು ತೋರಿಸುತ್ತದೆ? ಗುಂಪಿನಲ್ಲಿ ಒಬ್ಬರು 200 ಎನ್ನುತ್ತಾರೆ, ಇನ್ನೊಬ್ಬರು ಎರಡೂ ಕಡೆಯ ಎಳೆತ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ಎನ್ನುತ್ತಾರೆ. ಸರಿಯಾದ ಉತ್ತರ 100. ಒಂದು ಕಡೆಯ ತೂಕವನ್ನು ತೆಗೆದು ಆ ಹಗ್ಗವನ್ನು ಗೋಡೆಗೆ ಕಟ್ಟಿದರೂ ತಕ್ಕಡಿ ತೋರಿಸುವುದು ಅಷ್ಟೇ, ಏಕೆಂದರೆ ಗೋಡೆಯೂ 100 ನ್ಯೂಟನ್‌ನಷ್ಟೇ ಎಳೆಯುತ್ತದೆ. ಇದನ್ನು ಒಪ್ಪಿಸಬೇಕಾದರೆ ಬಲಗಳ ಚಿತ್ರ ಬಿಡಿಸಿಯೇ ತೀರಬೇಕು, ಬಾಯಿಮಾತು ನಡೆಯುವುದಿಲ್ಲ. ಸ್ಟ್ಯಾಟಿಕ್ಸ್‌ನಲ್ಲಿ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಈ ಚಿತ್ರ ಬಿಡಿಸದೆ ನೇರವಾಗಿ ಸೂತ್ರಕ್ಕೆ ಕೈಹಾಕಿದ್ದರಿಂದ. ಅದನ್ನು ಮೊದಲ ವರ್ಷದ ವಾದದಲ್ಲೇ ರೂಢಿ ಮಾಡಿಸಿದರೆ ಎರಡನೇ ವರ್ಷ ಹಗುರ.

ಎರಡು ಗಂಟೆಯನ್ನು ಹೀಗೆ ಹಂಚಿ: ಮೊದಲ 15 ನಿಮಿಷ ಎಲ್ಲರೂ ಮೌನವಾಗಿ, ತಾವೊಬ್ಬರೇ. ಆಮೇಲೆ ಒಂದು ಗಂಟೆಯಷ್ಟು ಗುಂಪಿನಲ್ಲಿ ಹಲಗೆಯ ಮುಂದೆ ನಿಂತು. ಉಳಿದ ಹೊತ್ತಿನಲ್ಲಿ ಒಂದೊಂದು ಗುಂಪು ಒಂದೊಂದು ಲೆಕ್ಕವನ್ನು ಎಲ್ಲರಿಗೂ ವಿವರಿಸಲಿ, ಉಳಿದವರು ಪ್ರಶ್ನೆ ಕೇಳಲಿ. ಮೊದಲಿನ ಮೌನವನ್ನು ಬಿಟ್ಟರೆ ಚುರುಕಾದ ಒಬ್ಬರು ಮಾಡುತ್ತಾರೆ, ಮೂವರು ನಕಲು ಮಾಡಿಕೊಳ್ಳುತ್ತಾರೆ.

ನಡೆಸುವವರಿಗೆ ಕಟ್ಟುನಿಟ್ಟಿನ ನಿಯಮ ಒಂದೇ: ವಿದ್ಯಾರ್ಥಿಯ ಕೈಯಿಂದ ಪೆನ್ ತೆಗೆದುಕೊಳ್ಳಬಾರದು. ಸಿಕ್ಕಿಕೊಂಡ ಗುಂಪಿಗೆ ಉತ್ತರದ ಬದಲು ಪ್ರಶ್ನೆ ಕೊಡಬೇಕು. ‘ಇದರ ಸಣ್ಣ ರೂಪ ಯಾವುದು?’, ‘ಈ ಸಂಖ್ಯೆ ಸೊನ್ನೆಯಾದರೆ ಏನಾಗುತ್ತದೆ?’, ‘ಉತ್ತರದ ಏಕಮಾನ ಏನು ಬರಬೇಕು?’ ಇದು ಹೇಳಿದಷ್ಟು ಸುಲಭವಲ್ಲ. ಸೆಮಿಸ್ಟರ್‌ಗೆ ಮುಂಚೆ ಎರಡು ದಿನ ತರಬೇತಿ ಕೊಡಿ, ಪ್ರತಿ ವಾರ ಒಂದು ಗಂಟೆ ಸಭೆ ಸೇರಿಸಿ ಮುಂದಿನ ಹಾಳೆಯನ್ನು ಅವರೇ ಮೊದಲು ಬಿಡಿಸುವಂತೆ ಮಾಡಿ. ಬಿಡಿಸದೆ ಬಂದವರು ಗಾಬರಿಯಾಗಿ ಭಾಷಣಕ್ಕೆ ಇಳಿಯುತ್ತಾರೆ.

ಕೆಡುವ ದಾರಿಗಳು ಮೂರು. ಒಂದು, ಕಾರ್ಯಾಗಾರ ನಿಧಾನವಾಗಿ ಹೋಮ್‌ವರ್ಕ್ ಮುಗಿಸುವ ಜಾಗವಾಗುವುದು. ಹೋಮ್‌ವರ್ಕ್‌ಗೆ ಬೇರೆ ಹೊತ್ತು ಕೊಡಿ, ಹಾಳೆಯ ಲೆಕ್ಕಗಳು ಅದಕ್ಕಿಂತ ಗಟ್ಟಿಯಾಗಿರಲಿ. ಎರಡು, ‘ಹಿಂದುಳಿದವರಿಗೆ ಸಹಾಯ’ ಎಂಬ ಹೆಸರು. ಇಂಥ ಫಲಕದ ಕೆಳಗೆ ಹಾದುಹೋಗಲು ಯಾವ ಹದಿನೆಂಟರ ಹುಡುಗ ಹುಡುಗಿಯೂ ಒಪ್ಪುವುದಿಲ್ಲ. ಟ್ರೈಸ್‌ಮನ್ ಇದನ್ನು ಆನರ್ಸ್ ಮಟ್ಟದ ಕೆಲಸವೆಂದೇ ಕರೆದು ಕರೆಸಿಕೊಂಡರು, ಕೊಟ್ಟ ಲೆಕ್ಕಗಳೂ ಆ ಮಟ್ಟದವೇ. 1973ರಲ್ಲಿ ಕ್ಯಾನ್ಸಸ್ ಸಿಟಿಯ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಪದ್ಧತಿಯೂ ಇದೇ ಜಾಣ್ಮೆ ತೋರಿತು: ಅದು ಗುರಿಯಿಡುವುದು ಕಷ್ಟದ ಕೋರ್ಸ್‌ಗೆ, ದುರ್ಬಲ ವಿದ್ಯಾರ್ಥಿಗಲ್ಲ. ಮೂರು, ಇಷ್ಟವಿದ್ದವರು ಬರಲಿ ಎಂದು ಬಿಡುವುದು. ಹಾಗೆ ಬಿಟ್ಟರೆ ಬರುವವರು ಈಗಾಗಲೇ ಚೆನ್ನಾಗಿ ಓದುವವರು. ಅದನ್ನು ಒಂದು ಕ್ರೆಡಿಟ್‌ನ ಕೋರ್ಸ್ ಮಾಡಿ ವೇಳಾಪಟ್ಟಿಗೆ ಸೇರಿಸಿ.

ನಾಲ್ಕನೇ ವಾರದ ಫೋನ್ ಕರೆ

ಮಧ್ಯಾವಧಿ ಗ್ರೇಡ್ ಬಂದ ಮೇಲೆ ಎಚ್ಚರಿಕೆ ಕಳಿಸುವುದು ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮೂರನೇ ವಾರ ಹಾಜರಿ ಮತ್ತು ಹೋಮ್‌ವರ್ಕ್ ಒಪ್ಪಿಸಿದ ಲೆಕ್ಕ ನೋಡಿ. ಎರಡು ಹೋಮ್‌ವರ್ಕ್ ಒಪ್ಪಿಸದವರನ್ನು ನಾಲ್ಕನೇ ವಾರದೊಳಗೆ ಫೋನ್ ಮಾಡಿ ಕರೆಸಿ. ಈಮೇಲ್ ಬೇಡ, ತೊಂದರೆಯಲ್ಲಿರುವವರು ಮೊದಲು ಓದುವುದನ್ನು ನಿಲ್ಲಿಸುವುದು ಈಮೇಲನ್ನೇ. ಬಂದಾಗ ಅಂಕದಿಂದ ಮಾತು ತೆಗೆಯಬೇಡಿ. ಈ ವಾರ ಎಷ್ಟು ಗಂಟೆ ಕೆಲಸಕ್ಕೆ ಹೋದಿರಿ, ಪಠ್ಯಪುಸ್ತಕ ಕೈಗೆ ಬಂತೇ, ಯಾರ ಜೊತೆ ಓದುತ್ತೀರಿ, ಎಲ್ಲಿ ಮಲಗುತ್ತೀರಿ, ಇವು ಮೊದಲ ಪ್ರಶ್ನೆಗಳು. ಸಮಸ್ಯೆ ಅಲ್ಲೇ ಸಿಗುವುದು ಹೆಚ್ಚು.

ಮೊದಲ ಪರೀಕ್ಷೆಯ ಅಂಕ ಬಂದ ದಿನ ಒಂದು ಮಾತು ಕಡ್ಡಾಯವಾಗಿ ಹೇಳಿ: ತರಗತಿಯ ಸರಾಸರಿ ಎಷ್ಟು. ಹೈಸ್ಕೂಲಿನಲ್ಲಿ 95 ತೆಗೆಯುತ್ತಿದ್ದವರಿಗೆ ಭೌತಶಾಸ್ತ್ರದಲ್ಲಿ 52 ಬಂದರೆ ಬದುಕೇ ಮುಗಿದಂತೆ. ಸರಾಸರಿ 48 ಎಂದು ತಿಳಿದರೆ ಅದೇ 52 ಸಾಮಾನ್ಯಕ್ಕಿಂತ ಮೇಲಿನ ಅಂಕ. ಜೊತೆಗಾರರಿಲ್ಲದವರಿಗೆ ಈ ಸರಾಸರಿಯನ್ನು ಹೇಳುವವರಿಲ್ಲ, ಆ ರಾತ್ರಿಯೇ ಅವರು ಕೋರ್ಸ್ ಕೈಬಿಡುತ್ತಾರೆ. ಪರೀಕ್ಷೆಯ ಮರುದಿನ ಓದುವ ಕೋಣೆಯಲ್ಲಿ ಹಿರಿಯರೊಬ್ಬರು ಕೂತಿರುವಂತೆ ನೋಡಿಕೊಳ್ಳಿ.

ಕೋರ್ಸ್ ಕೈಬಿಡುವ ಸಲಹೆ ಕೊಡುವ ಮುನ್ನ ಹಣಕಾಸು ನೆರವಿನ ಕಚೇರಿಗೆ ಕೇಳಿ. ಕ್ರೆಡಿಟ್ 12ಕ್ಕಿಂತ ಕೆಳಗಿಳಿದರೆ ಪೂರ್ಣಾವಧಿ ವಿದ್ಯಾರ್ಥಿಯೆಂಬ ಸ್ಥಾನ ಹೋಗುತ್ತದೆ, ಹಲವು ವಿದ್ಯಾರ್ಥಿವೇತನಗಳೂ ಅದರ ಜೊತೆ ಹೋಗುತ್ತವೆ. ಫೆಡರಲ್ ನೆರವು ಉಳಿಯಬೇಕಾದರೆ ಬಹಳಷ್ಟು ಕಾಲೇಜುಗಳಲ್ಲಿ, ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಶೇ 67ರಷ್ಟನ್ನು ಪಾಸು ಮಾಡಿರಬೇಕು. ಕೈಬಿಟ್ಟ ಕೋರ್ಸ್ ಕೂಡ ತೆಗೆದುಕೊಂಡದ್ದರ ಲೆಕ್ಕಕ್ಕೆ ಸೇರುತ್ತದೆ.

ಕ್ಯಾಲ್ಕುಲಸ್‌ಗೂ ಹಿಂದಿನ ಹಂತದಲ್ಲಿ ನಿಂತವರು

ಇವರಿಗೆ ಎರಡು ದಾರಿಗಳು ಚೆನ್ನಾಗಿ ಪರೀಕ್ಷೆಗೊಳಗಾಗಿವೆ. ರೈಟ್ ಸ್ಟೇಟ್ ವಿಶ್ವವಿದ್ಯಾಲಯ 2004ರಲ್ಲಿ ಶುರುಮಾಡಿದ್ದು ಒಂದು: ಎಂಜಿನಿಯರಿಂಗ್ ಅಧ್ಯಾಪಕರೇ ಮೊದಲ ವರ್ಷದಲ್ಲಿ, ಪ್ರಯೋಗಾಲಯದಲ್ಲಿ, ಎಂಜಿನಿಯರಿಂಗ್‌ಗೆ ನಿಜವಾಗಿ ಬೇಕಾಗುವಷ್ಟು ಗಣಿತ ಕಲಿಸುತ್ತಾರೆ. ಅದು ಪಾಸಾದರೆ, ಪೂರ್ತಿ ಕ್ಯಾಲ್ಕುಲಸ್ ಮುಗಿಯುವವರೆಗೆ ಕಾಯದೆ ಮುಂದಿನ ಎಂಜಿನಿಯರಿಂಗ್ ಕೋರ್ಸ್‌ಗಳಿಗೆ ಹೋಗಬಹುದು. ಸರಪಳಿಯನ್ನೇ ಸಡಿಲಿಸುವ ಈ ಉಪಾಯಕ್ಕೆ ವಿಭಾಗಗಳ ಒಪ್ಪಿಗೆ ಬೇಕು, ಅದಕ್ಕೇ ಒಂದು ವರ್ಷ ಹಿಡಿಯುತ್ತದೆ.

ಇನ್ನೊಂದು, ಬೋಲ್ಡರ್‌ನ ಕೊಲೊರಾಡೊ ವಿಶ್ವವಿದ್ಯಾಲಯ 2009ರಲ್ಲಿ ತಂದ ಗೋಲ್ಡ್‌ಶರ್ಟ್ ರೀತಿಯ ಐದು ವರ್ಷದ ದಾರಿ. ಕ್ರೀಡಾಪಟುಗಳನ್ನು ಒಂದು ವರ್ಷ ಆಡಿಸದೆ ತಯಾರಿ ಮಾಡಿಸುವ ಪದ್ಧತಿಯಿಂದ ಬಂದ ಕಲ್ಪನೆ. ಇಲ್ಲಿ ವಿದ್ಯಾರ್ಥಿಯನ್ನು ಮೊದಲ ದಿನದಿಂದಲೇ ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿಕೊಂಡಿರಬೇಕು. ‘ಒಂದು ವರ್ಷ ಓದಿ ಬನ್ನಿ, ಆಮೇಲೆ ನೋಡೋಣ’ ಎಂದರೆ ಅದು ನೆರವಾಗದೆ ಇನ್ನೊಂದು ಬಾಗಿಲಾಗುತ್ತದೆ. ಪೆಲ್ ಗ್ರಾಂಟ್ ಜೀವಮಾನಕ್ಕೆ ಸಿಗುವುದು 12 ಪೂರ್ಣ ಸೆಮಿಸ್ಟರ್‌ಗಷ್ಟೇ ಎಂಬುದೂ ನೆನಪಿರಲಿ. ಐದು ವರ್ಷಕ್ಕೆ ಹತ್ತು ಹೋಗುತ್ತದೆ. ಬೇಸಿಗೆಯಲ್ಲಿ ಪಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಕಮ್ಯುನಿಟಿ ಕಾಲೇಜಿನಿಂದ (ಎರಡು ವರ್ಷದ ಸ್ಥಳೀಯ ಕಾಲೇಜು) ಬಂದವರು ಈಗಾಗಲೇ ಎಷ್ಟು ಬಳಸಿದ್ದಾರೆ ಎಂದು ಮೊದಲ ವಾರವೇ ನೋಡಿ.

ಹಣ

2024-25ರಲ್ಲಿ ಪೆಲ್ ಗ್ರಾಂಟ್‌ನ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ವಸತಿ ಸೇರಿದರೆ ಅದು ಎಲ್ಲಿಗೂ ಸಾಲದು, ಹಾಗಾಗಿ ವಿದ್ಯಾರ್ಥಿ ದುಡಿಯುತ್ತಾನೆ. ವಾರಕ್ಕೆ 20 ಗಂಟೆ ಮೀರಿದ ದುಡಿಮೆಯ ಜೊತೆ ಕ್ಯಾಲ್ಕುಲಸ್ ಮತ್ತು ಭೌತಶಾಸ್ತ್ರ ಒಟ್ಟಿಗೆ ಎಳೆಯುವುದು ಬಹಳ ಕಷ್ಟ. ಅದೇ ಗಂಟೆಗಳನ್ನು ಕ್ಯಾಂಪಸ್ಸಿನೊಳಗಿನ ಪ್ರಯೋಗಾಲಯದ ಕೆಲಸಕ್ಕೆ ತಿರುಗಿಸಲು ಸಾಧ್ಯವೇ ನೋಡಿ. ಓಡಾಟ ಉಳಿಯುತ್ತದೆ, ರೆಸ್ಯೂಮೆಗೂ ಒಂದು ಸಾಲು ಸಿಗುತ್ತದೆ.

ತುರ್ತು ನಿಧಿ ಸಣ್ಣದಾದರೂ ಇರಲೇಬೇಕು. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಿಂದ, ಕೊನೆಯ ವರ್ಷಗಳಲ್ಲಿ ಕೆಲವೇ ನೂರು ಡಾಲರ್ ಬಾಕಿಗಾಗಿ ದಾಖಲಾತಿ ರದ್ದಾಗುವವರ ಪಟ್ಟಿ ತೆಗೆದು, ಅರ್ಜಿಗೆ ಕಾಯದೆ ತಾನೇ ಆ ಬಾಕಿ ತುಂಬಿತು. ಅರ್ಜಿಗೆ ಕಾಯದೆ ಎಂಬುದನ್ನೇ ಗಮನಿಸಿ. ನಾಚಿಕೆಯಿಂದ ಕೇಳದವರೇ ಹೆಚ್ಚು. ಹಣ ಕೊಡುವ ಮುನ್ನ ನೆರವಿನ ಕಚೇರಿಗೆ ತಿಳಿಸಿ. ಇಲ್ಲದಿದ್ದರೆ ನೀವು ಕೊಟ್ಟ 500 ಡಾಲರ್ ವಿದ್ಯಾರ್ಥಿಯ ಇನ್ನೊಂದು ನೆರವಿನಿಂದ ಕಡಿತವಾಗಬಹುದು.

ಕೆಲಸದ ಕಡೆಗೆ

ಪಾಸಾದರೆ ಕೆಲಸ ತಾನಾಗಿ ಬರುತ್ತದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಮನೆಯಲ್ಲಿ ಎಂಜಿನಿಯರ್ ಇಲ್ಲದ ವಿದ್ಯಾರ್ಥಿಗೆ, ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ದೊಡ್ಡ ಕಂಪನಿಗಳು ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ ಆಯ್ಕೆ ಮಾಡಿ ಮುಗಿಸುತ್ತವೆ ಎಂಬುದು ಗೊತ್ತಿರುವುದಿಲ್ಲ. ಅವನು ಏಪ್ರಿಲ್‌ನಲ್ಲಿ ಹುಡುಕಲು ಹೊರಡುತ್ತಾನೆ. ಆದ್ದರಿಂದ ಮೊದಲ ಸೆಮಿಸ್ಟರ್‌ನ ಮೂರನೇ ವಾರದೊಳಗೆ ಎಲ್ಲರ ಕೈಯಲ್ಲೂ ಒಂದೇ ಪುಟದ ರೆಸ್ಯೂಮೆ ಇರಬೇಕು, ಕೆಲಸ ಸಿಗಲಿ ಬಿಡಲಿ ಉದ್ಯೋಗ ಮೇಳದಲ್ಲಿ ಮೂರು ಕಂಪನಿಯವರ ಜೊತೆ ಮಾತಾಡಿ ಬರಬೇಕು. ಎರಡನೇ ವರ್ಷ ಅದೇ ಮೇಳಕ್ಕೆ ಹೋದಾಗ ಕಾಲು ನಡುಗುವುದಿಲ್ಲ. ಅನೇಕ ಕಂಪನಿಗಳು ಗ್ರೇಡ್ ಸರಾಸರಿ (4.0ಕ್ಕೆ) 3.0ರ ಕೆಳಗಿದ್ದರೆ ಅರ್ಜಿಯನ್ನೇ ತೆರೆಯುವುದಿಲ್ಲ. ಮೊದಲ ಸೆಮಿಸ್ಟರ್ ಎಡವಿ ಆಮೇಲೆ ಏರಿದವರು ಎಂಜಿನಿಯರಿಂಗ್ ಕೋರ್ಸ್‌ಗಳ ಸರಾಸರಿಯನ್ನು ಬೇರೆಯಾಗಿ, ಹಾಗೆಂದು ಹೆಸರಿಸಿ, ಬರೆಯಬಹುದು.

ಸಂಘಗಳನ್ನು ಕಾರ್ಯಕ್ರಮದ ಅಂಗವಾಗಿಯೇ ನೋಡಿ. ಕಪ್ಪು ಎಂಜಿನಿಯರ್‌ಗಳ ರಾಷ್ಟ್ರೀಯ ಸಂಘ ನೆಸ್ಬಿ 1975ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಂದಲೇ ಹುಟ್ಟಿತು. ಲ್ಯಾಟಿನೊ ಎಂಜಿನಿಯರ್‌ಗಳ ಸಂಘ ಶಿಪ್ (SHPE) 1974ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಮೂಲನಿವಾಸಿಗಳ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಘ 1977ರಲ್ಲಿ ಶುರುವಾದವು. ಇವುಗಳ ವಾರ್ಷಿಕ ಸಮ್ಮೇಳನಗಳಲ್ಲಿ ಕಂಪನಿಗಳು ಅಲ್ಲಿಯೇ ಸಂದರ್ಶನ ಮಾಡಿ ಕೆಲಸ ಕೊಡುವುದುಂಟು. ಪ್ರಯಾಣದ ಹಣವನ್ನು ಮೊದಲೇ ಕೊಡಿ. ಖರ್ಚು ಮಾಡಿ ರಸೀದಿ ತನ್ನಿ ಎಂದರೆ ಕ್ರೆಡಿಟ್ ಕಾರ್ಡ್ ಇಲ್ಲದವರು ಉಳಿದುಬಿಡುತ್ತಾರೆ. ಮುಂದೆ ಓದಬೇಕೆನ್ನುವವರಿಗೆ 1976ರಲ್ಲಿ ಸ್ಥಾಪನೆಯಾದ ಜೆಮ್ ಒಕ್ಕೂಟ ಉನ್ನತ ಪದವಿಯ ಖರ್ಚನ್ನೂ ಕಂಪನಿಯ ಇಂಟರ್ನ್‌ಶಿಪ್ಪನ್ನೂ ಜೋಡಿಸಿ ಕೊಡುತ್ತದೆ.

ಸಿವಿಲ್‌ನವರಿಗೆ ಎಫ್‌ಇ ಪರೀಕ್ಷೆಯನ್ನು (ಎಂಜಿನಿಯರ್ ಪರವಾನಗಿಯ ಮೊದಲ ಪರೀಕ್ಷೆ) ಕೊನೆಯ ವರ್ಷದಲ್ಲೇ ಬರೆಸಿ. 110 ಪ್ರಶ್ನೆ, ವಿರಾಮ ಸೇರಿ 6 ಗಂಟೆ. ಪದವಿ ಮುಗಿದು ಎರಡು ವರ್ಷವಾದರೆ ಸ್ಟ್ಯಾಟಿಕ್ಸೂ ಡೈನಮಿಕ್ಸೂ ಮರೆತಿರುತ್ತವೆ. ಹೆಚ್ಚಿನ ರಾಜ್ಯಗಳಲ್ಲಿ ಇದು ಪಾಸಾಗಿ, ನಾಲ್ಕು ವರ್ಷದ ಅನುಭವ ಪಡೆದು, ಪಿಇ (ವೃತ್ತಿಪರ ಎಂಜಿನಿಯರ್) ಪರೀಕ್ಷೆಯನ್ನೂ ಪಾಸು ಮಾಡಿದ ಮೇಲೆ ಪಿಇ ಪರವಾನಗಿ, ಅದಿದ್ದರಷ್ಟೇ ನಕ್ಷೆಗೆ ಮೊಹರು ಹಾಕುವ ಹಕ್ಕು.

ಫಲ ಅಳೆಯುವಾಗ

ಕಾರ್ಯಕ್ರಮದವರನ್ನು ಹೊರಗಿನ ಎಲ್ಲರ ಜೊತೆ ಹೋಲಿಸಿ ಗೆದ್ದೆವು ಎನ್ನಬೇಡಿ. ಉತ್ಸಾಹಿಗಳೇ ಸೇರಿಕೊಂಡಿದ್ದರೆ ಗೆಲುವು ಅವರ ಉತ್ಸಾಹದ್ದಿರಬಹುದು. ಮೇಯರ್‌ಹಾಫ್‌ನವರು ಆಯ್ಕೆಯಾಗಿಯೂ ಬೇರೆ ಕಾಲೇಜಿಗೆ ಹೋದವರ ಜೊತೆ ತಮ್ಮವರನ್ನು ಹೋಲಿಸಿದರು, ಅದು ನ್ಯಾಯವಾದ ತೂಕ. ಅಷ್ಟು ಸಾಧ್ಯವಾಗದಿದ್ದರೆ, ಗಣಿತದ ಪ್ರವೇಶ ಮಟ್ಟ ಒಂದೇ ಇದ್ದವರನ್ನು ಹೋಲಿಸಿ. ಅಳೆಯಬೇಕಾದದ್ದು ಕಾರ್ಯಾಗಾರಕ್ಕೆ ಎಷ್ಟು ಮಂದಿ ಬಂದರು ಎಂಬುದನ್ನಲ್ಲ. ಮೂರನೇ ಸೆಮಿಸ್ಟರ್ ಕೊನೆಗೆ ಸ್ಟ್ಯಾಟಿಕ್ಸ್ ದಾಟಿ ಎಂಜಿನಿಯರಿಂಗ್‌ನಲ್ಲೇ ಉಳಿದವರು ಎಷ್ಟು, ಎರಡನೇ ಬೇಸಿಗೆಯಲ್ಲಿ ಸಂಬಳದ ಇಂಟರ್ನ್‌ಶಿಪ್ ಸಿಕ್ಕವರು ಎಷ್ಟು, ಪದವಿ ಪಡೆದು ಎಂಜಿನಿಯರಿಂಗ್ ಕೆಲಸಕ್ಕೆ ಸೇರಿದವರು ಎಷ್ಟು, ಈ ಮೂರನ್ನು ಅಳೆಯಿರಿ.

ನಿರ್ದೇಶಕರ ಸಂಬಳ ಕಾಲೇಜಿನ ಖಾಯಂ ಬಜೆಟ್‌ನಲ್ಲಿರಲಿ. ಮೂರು ವರ್ಷದ ಅನುದಾನದಲ್ಲಿ ನೇಮಿಸಿದವರು ಮೂರನೇ ವರ್ಷ ಬೇರೆ ಕೆಲಸ ಹುಡುಕುತ್ತಿರುತ್ತಾರೆ, ಆಗ ಮೊದಲ ವರ್ಷ ಸೇರಿದ ಮಕ್ಕಳು ಇನ್ನೂ ಪದವಿ ಮುಗಿಸಿರುವುದಿಲ್ಲ. ಅನುದಾನದ ಹಣ ಶಿಬಿರಕ್ಕೆ, ಸ್ಟೈಪೆಂಡ್‌ಗೆ, ಪ್ರಯಾಣಕ್ಕೆ ಹೋಗಲಿ.

ಇಷ್ಟೆಲ್ಲ ಮಾಡಲು ಈ ವರ್ಷ ಹಣವೇ ಇಲ್ಲವೆಂದರೆ, ಒಂದು ಖಾಲಿ ತರಗತಿ ಕೋಣೆ ಕೇಳಿ ಪಡೆಯಿರಿ, ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಅದರ ಬೀಗದ ಕೈ ನಿಮ್ಮ ಬಳಿ ಇರಲಿ. ಗೋಡೆಗೆ ಆರು ಹಲಗೆ, ಸಂಬಳ ಕೊಟ್ಟು ಇಬ್ಬರು ಹಿರಿಯ ವಿದ್ಯಾರ್ಥಿಗಳು, ಮೊದಲ ಕ್ಯಾಲ್ಕುಲಸ್‌ನ ಒಂದೇ ಸೆಕ್ಷನ್‌ನಲ್ಲಿ ಒಟ್ಟಿಗೆ ಕೂರಿಸಿದ ಹನ್ನೆರಡು ಮಂದಿ, ವಾರಕ್ಕೆ ಎರಡು ಹಾಳೆ. ಆಗಸ್ಟ್‌ನ ಎರಡನೇ ವಾರದೊಳಗೆ ಮೊದಲ ನಾಲ್ಕು ಹಾಳೆ ಬರೆದಿಟ್ಟಿರಿ. ಸೆಮಿಸ್ಟರ್ ಶುರುವಾದ ಮೇಲೆ ಬರೆಯಲು ಪುರುಸೊತ್ತು ಸಿಗುವುದಿಲ್ಲ.